ಪ್ಲೇಟ್ಲೆಟ್ 2.6 ಲಕ್ಷ ಇದ್ರೂ ರಕ್ತ ಯಾಕೆ ನಿಲ್ತಿಲ್ಲ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 14 ವರ್ಷ. ದೊಡ್ಡೋಳಾಗಿ ಒಂದು ವರ್ಷ ಆಯ್ತು, ಪ್ರತಿ ತಿಂಗಳೂ ಎಂಟೊಂಬತ್ತು ದಿನ ಹೋಗತ್ತೆ, ಮೊದಲ ಮೂರು ದಿನ ಗಂಟೆಗೊಂದು ಪ್ಯಾಡ್ ಬದಲಾಯಿಸ್ಬೇಕು, ಸ್ಕೂಲಿಗೆ ಕಳಿಸೋಕಾಗಲ್ಲ. ಚಿಕ್ಕೋಳಿದ್ದಾಗಿಂದ ಮೂಗಲ್ಲಿ ರಕ್ತ ಬರ್ತಿತ್ತು, ಉಷ್ಣ ಅಂತ ಸುಮ್ನಿದ್ವಿ. ಈಗ ಹಿಮೋಗ್ಲೋಬಿನ್ 8.2, ಪ್ಲೇಟ್ಲೆಟ್ 2.6 ಲಕ್ಷ. ಪ್ಲೇಟ್ಲೆಟ್ ನಾರ್ಮಲ್ ಇದ್ಮೇಲೆ ರಕ್ತ ಯಾಕೆ ನಿಲ್ತಿಲ್ಲ? ನಮ್ಮತ್ತೆ ಪರಂಗಿ ಎಲೆ ರಸ ಕೊಡು ಅಂತಾರೆ. ನಂಗೂ ಹೆರಿಗೆ ಆದ್ಮೇಲೆ ತುಂಬಾ ಹೋಗಿತ್ತು.
- ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ತಾಯಿ, ಕೊನೇಲಿ ಬರೆದಿದೀರಲ್ಲ, ನಿಮಗೂ ಹೆರಿಗೇಲಿ ಜಾಸ್ತಿ ಹೋಗಿತ್ತು ಅಂತ, ನಾನು ಮೊದಲು ಹಿಡ್ಕೊಂಡಿದ್ದೇ ಆ ಮಾತನ್ನ. ಪರಂಗಿ ಎಲೆ ಬೇಡ, ಅದನ್ನ ಜನ ಕುಡಿಸೋದು ಕೌಂಟ್ ಏರಲಿ ಅಂತ, ನಿಮ್ಮ ಮಗಳ ಕೌಂಟ್ ಚೆನ್ನಾಗೇ ಇದೆ (ಒಂದೂವರೆಯಿಂದ ನಾಲ್ಕೂವರೆ ಲಕ್ಷದವರೆಗೂ ನಾರ್ಮಲ್). ಪ್ಲೇಟ್ಲೆಟ್ ಎಷ್ಟಿದೆ ಅನ್ನೋದು ಒಂದು ಮಾತು, ಅದು ಗಾಯದ ಜಾಗಕ್ಕೆ ಅಂಟ್ಕೊಳ್ಳತ್ತಾ ಅನ್ನೋದು ಬೇರೆ ಮಾತು.

ಮಳೆಗಾಲದಲ್ಲಿ ತುಂಬಿ ಹರಿಯೋ ಹಳ್ಳ ನೋಡಿರ್ತೀರಲ್ಲ, ಬಿದ್ದ ಎಲೆಗಳೆಲ್ಲ ಕೊಚ್ಕೊಂಡು ಹೋಗ್ತಿರ್ತವೆ, ಆದ್ರೆ ದಡದ ಮರದ ಬೇರಿನ ನಾರು ನೀರಿಗೆ ಇಳಿಬಿದ್ದಿದ್ರೆ ಅಲ್ಲಿ ಎಲೆ ಸಿಕ್ಹಾಕ್ಕೊಂಡು ಒಂದರ ಮೇಲೊಂದು ಕೂತ್ಬಿಡತ್ತೆ. ನಮ್ಮ ರಕ್ತದಲ್ಲೂ ಅಂಥ ನಾರು ಇದೆ, ಅದೊಂದು ಪ್ರೋಟೀನು, ಹೆಸರು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್. ರಕ್ತನಾಳದ ಒಳಪದರದ ಜೀವಕೋಶಗಳೇ ಇದನ್ನ ತಯಾರಿಸಿ ಕೂಡಿಟ್ಕೊಂಡಿರ್ತವೆ, ಸ್ವಲ್ಪ ರಕ್ತದಲ್ಲೂ ಓಡಾಡ್ತಿರತ್ತೆ. ಸುಮ್ನೆ ಓಡಾಡುವಾಗ ನೂಲಿನ ಉಂಡೆ ತರ ಸುತ್ಕೊಂಡಿರತ್ತೆ, ಯಾರಿಗೂ ಅಂಟಲ್ಲ. ನಾಳ ಹರಿದಾಗ ಗೋಡೆಗೆ ಬಲ ಕೊಡೋ, ಒಳಗಿರೋ ಕೊಲ್ಲಾಜೆನ್ ಅನ್ನೋ ಪದಾರ್ಥ ಹೊರಗೆ ಕಾಣತ್ತೆ, ಈ ಪ್ರೋಟೀನ್ ಹೋಗಿ ಅದನ್ನ ಕಚ್ಕೊಳ್ಳತ್ತೆ, ರಕ್ತದ ಸೆಳೆತಕ್ಕೆ ಉಂಡೆ ಬಿಚ್ಚಿ ಉದ್ದ ದಾರ ಆಗತ್ತೆ, ಆಗ ಪ್ಲೇಟ್ಲೆಟ್ ಹಿಡಿಯೋ ಕೊಕ್ಕೆಗಳು ಹೊರಗೆ ಬರ್ತವೆ. ಸೆಳೆತ ಜಾಸ್ತಿ ಇದ್ದಷ್ಟೂ ಜಾಸ್ತಿ ಬಿಚ್ಕೊಳ್ಳೋದು, ನಂಗೆ ಇಷ್ಟು ವರ್ಷ ಆದ್ರೂ ಇದು ಅದ್ಭುತ ಅನ್ಸತ್ತೆ. ಪ್ಲೇಟ್ಲೆಟ್ ಮೈಮೇಲೂ ಇದಕ್ಕೆ ಹೊಂದೋ ಒಂದು ಹಿಡಿಕೆ ಇದೆ. ಮೊದಲ ಹಿಡಿತ ಸಡಿಲ, ಹಿಡಿಯೋದು ಬಿಡೋದು ಮಾಡ್ತಾ ಪ್ಲೇಟ್ಲೆಟ್ ಉರುಳ್ತಾ ನಿಧಾನ ಆಗತ್ತೆ, ಆಮೇಲೆ ಕೊಲ್ಲಾಜೆನ್ನೇ ಅದನ್ನ ಎಬ್ಬಿಸತ್ತೆ, ಆಗ ಗಟ್ಟಿಯಾಗಿ ಕೂತು ಫೈಬ್ರಿನೋಜೆನ್ ಅನ್ನೋ ಇನ್ನೊಂದು ಪ್ರೋಟೀನ್ ಮೂಲಕ ಅಕ್ಕಪಕ್ಕದವನ್ನೂ ಹಿಡ್ಕೊಳ್ಳತ್ತೆ. ಆ ನಾರು ಕಮ್ಮಿ ಇದ್ರೆ ಅಥವಾ ಸರಿ ಇಲ್ದಿದ್ರೆ 2.6 ಲಕ್ಷ ಇದ್ದೂ ಎಲ್ಲಾ ಕೊಚ್ಕೊಂಡು ಹೋಗತ್ತೆ, ಇದಕ್ಕೇ ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಅಂತಾರೆ.

ನಿಮ್ಮ ಪ್ರಶ್ನೆ ಹೊಸದಲ್ಲ ತಾಯಿ. ಫಿನ್ಲೆಂಡಿನ ಎರಿಕ್ ವಾನ್ ವಿಲ್ಲೆಬ್ರಾಂಡ್ ಅನ್ನೋ ಡಾಕ್ಟರ್ ಹತ್ರ ಆಲಂಡ್ ದ್ವೀಪದಿಂದ 5 ವರ್ಷದ ಒಂದು ಹುಡುಗಿ ಬಂದಿದ್ಲು, ಅವಳ ಅಕ್ಕತಂಗಿಯರಲ್ಲಿ ಕೆಲವರು ಆಗ್ಲೇ ರಕ್ತ ಹೋಗಿ ತೀರ್ಕೊಂಡಿದ್ರು. ಪ್ಲೇಟ್ಲೆಟ್ ಕೌಂಟ್ ಸರಿ ಇದೆ, ರಕ್ತ ಮಾತ್ರ ನಿಲ್ತಿಲ್ಲ, ಗಂಡಸರಿಗೂ ಹೆಂಗಸರಿಗೂ ಬರತ್ತೆ ಅಂತ ಅವರು 1926ರಲ್ಲಿ ಬರೆದ್ರು. ಆ ಹುಡುಗಿ ನಾಲ್ಕನೇ ಸಲ ಮುಟ್ಟಾದಾಗ ರಕ್ತ ಹೋಗೇ ತೀರ್ಕೊಂಡ್ಲು. ಹೆದರಿಸೋಕೆ ಹೇಳ್ತಿಲ್ಲ, ಆಗ ಇದಕ್ಕೆ ಔಷಧಿ ಇರ್ಲಿಲ್ಲ, ಈಗ ಇದೆ. ಆದ್ರೆ "ಹೆಣ್ಮಕ್ಕಳಿಗೆ ಇದೆಲ್ಲ ಇದ್ದಿದ್ದೇ" ಅಂತ ಸುಮ್ನಿರೋದನ್ನ ಮಾತ್ರ ನಂಗೆ ಸಹಿಸೋಕಾಗಲ್ಲ.

ರಕ್ತರೋಗ ತಜ್ಞರನ್ನ, ಅಂದ್ರೆ ಹೆಮಟಾಲಜಿಸ್ಟ್‌ನ ನೋಡಿ. ಈ ಪ್ರೋಟೀನ್ ಎಷ್ಟಿದೆ, ಎಷ್ಟು ಕೆಲಸ ಮಾಡ್ತಿದೆ, ಜೊತೆಗೆ ರಕ್ತ ಹೆಪ್ಪುಗಟ್ಟೋಕೆ ಬೇಕಾದ ಫ್ಯಾಕ್ಟರ್ ಎಂಟು ಅನ್ನೋ ಇನ್ನೊಂದು ಪ್ರೋಟೀನ್ ಎಷ್ಟಿದೆ ಅಂತ ಟೆಸ್ಟ್ ಮಾಡ್ತಾರೆ, ಯಾಕಂದ್ರೆ ಎಂಟನೇ ಫ್ಯಾಕ್ಟರನ್ನ ಹೊತ್ಕೊಂಡು ಕಾಪಾಡೋದೂ ಇದೇ ವಾನ್ ವಿಲ್ಲೆಬ್ರಾಂಡ್ ಪ್ರೋಟೀನು. ಜ್ವರ, ಟೆನ್ಷನ್, ಬಸಿರು ಇದ್ದಾಗ ಲೆವೆಲ್ ಏರತ್ತೆ, ಹಾಗಾಗಿ ಒಂದ್ಸಲ ನಾರ್ಮಲ್ ಬಂದ್ರೆ ಅಲ್ಲಿಗೇ ಬಿಡ್ಬೇಡಿ, ಇನ್ನೊಂದ್ಸಲ ಮಾಡ್ಸಿ. ಕಾಯಿಲೆ ಇದೇ ಅಂತಾದ್ರೆ ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ನೋಡ್ಕೊಳ್ಳೋ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಕೂಡಿಟ್ಟ ಪ್ರೋಟೀನನ್ನ ಹೊರಗೆ ಬಿಡಿಸೋ ಡೆಸ್ಮೊಪ್ರೆಸಿನ್ ಇದೆ, ತೀರಾ ಕಮ್ಮಿ ಇದ್ದೋರಿಗೆ ಆ ಪ್ರೋಟೀನನ್ನೇ ಕೊಡ್ತಾರೆ, ಯಾವುದು ಬೇಕು ಅಂತ ಅವರು ಹೇಳ್ತಾರೆ. ಕಬ್ಬಿಣದ ಮಾತ್ರೆ ಬಗ್ಗೆಯೂ ಕೇಳಿ, 8.2 ತುಂಬಾ ಕಮ್ಮಿ. ಅಲ್ಲೀವರೆಗೆ ಹೊಟ್ಟೆನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡ್ಬೇಡಿ, ಪ್ಯಾರಾಸಿಟಮಾಲ್ ಸಾಕು. ಪ್ಯಾಡ್ ಹೀಗೇ ತುಂಬ್ತಾ ಹೋಗಿ ತಲೆಸುತ್ತು ಬಂದ್ರೆ ಅಪಾಯಿಂಟ್ಮೆಂಟ್ ಅಂತ ಕಾಯ್ಬೇಡಿ, ಆಸ್ಪತ್ರೆಗೆ ಹೊರಡಿ. ಮತ್ತೆ ನೀವೂ ಟೆಸ್ಟ್ ಮಾಡಿಸ್ಕೊಳ್ಳಿ, ಇದು ಅಪ್ಪ ಅಮ್ಮನಿಂದ ಬರೋ ಕಾಯಿಲೆ, ಸಾಮಾನ್ಯ ರೂಪದಲ್ಲಿ ಒಬ್ಬರಿಂದ ಬಂದ್ರೂ ಸಾಕು. ತುಂಬಾ ಕಠಿಣವಾದ ರೂಪ ಬರೋದು ಇಬ್ಬರಿಂದಲೂ ಬಂದಾಗ, ಅದಕ್ಕೇ ನಮ್ಮ ಕಡೆ ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆ ಆಗಿದೆಯಾ ಅಂತ ನಾವು ಕೇಳ್ತೀವಿ, ನೀವೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಪ್ರಶ್ನೆ: ಓ ಗ್ರೂಪ್ ರಕ್ತದವರಿಗೆ ಗಾಯ ಆದ್ರೆ ರಕ್ತ ಬೇಗ ನಿಲ್ಲಲ್ಲ ಅಂತಾರೆ, ನಿಜಾನಾ?
- ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಪೂರ್ತಿ ಸುಳ್ಳಲ್ಲ. ಓ ಗ್ರೂಪ್‌ನವರಲ್ಲಿ ಮೇಲೆ ಹೇಳಿದ ವಾನ್ ವಿಲ್ಲೆಬ್ರಾಂಡ್ ಪ್ರೋಟೀನ್ ಬೇರೆಯವರಿಗಿಂತ ಸರಾಸರಿ ಶೇಕಡಾ 25ರಷ್ಟು ಕಮ್ಮಿ ಇರತ್ತೆ, ರಕ್ತದಿಂದ ಅದು ಬೇಗ ಖಾಲಿ ಆಗೋದೇ ಕಾರಣ. ಬಹುತೇಕ ಜನಕ್ಕೆ ಅದರಿಂದ ಏನೂ ತೊಂದ್ರೆ ಇಲ್ಲ. ಹಲ್ಲು ಕೀಳಿಸಿದ ಮೇಲೆ ಮಾರನೇ ದಿನವೂ ರಕ್ತ ಬರ್ತಿತ್ತು ಅನ್ನೋ ತರದ್ದು ಏನಾದ್ರೂ ಇದ್ರೆ ಮಾತ್ರ ಆಪರೇಷನ್‌ಗೆ ಮುಂಚೆ ಡಾಕ್ಟರಿಗೆ ಹೇಳಿ.