ಡಂಜನ್ಸ್ ಅಂಡ್ ಡ್ರಾಗನ್ಸ್ ಆಡೋಕೆ ಶುರು ಮಾಡೋದು ಹೇಗೆ? ಮೂರೂ ನಿಯಮದ ಪುಸ್ತಕ ಕೊಳ್ಳಲೇಬೇಕಾ?

ಪುಸ್ತಕ ಈಗಲೇ ಕೊಳ್ಳಬೇಡಿ. ಮೊದಲು ಒಂದು ಭಾನುವಾರ ಸಂಜೆ ಆಡಿ ನೋಡಿ, ಕೊಳ್ಳುವುದು ಆಮೇಲಿನ ಮಾತು.

ನೀವು ನಾಲ್ಕು ಜನ ಗೆಳೆಯರು, ಯಾರೂ ಈ ಆಟ ಆಡಿದವರಲ್ಲ, ಪುಸ್ತಕಗಳ ಬೆಲೆ ನೋಡಿ ಹಿಂದೇಟು ಹಾಕಿದ್ದೀರಿ, ಜೊತೆಗೆ ‘ನಟನೆ ಬರದವರು, ಇಂಗ್ಲಿಷ್ ಸರಾಗವಾಗಿ ಬರದವರು ಆಡಬಹುದಾ’ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಆರು ವರ್ಷದಿಂದ ಒಂದೇ ಗುಂಪಿನ ಜೊತೆ ಆಡುತ್ತಿದ್ದೇನೆ, ಹೆಚ್ಚಿನ ಸಲ ಆಟ ನಡೆಸುವುದೂ ನಾನೇ. ನಾವು ಆಡುವುದು ಕನ್ನಡದಲ್ಲಿ. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ: ಖಂಡಿತ ಆಡಬಹುದು.

ಇದು ಮೇಜಿನ ಸುತ್ತ ಕೂತು ಮಾತು, ದಾಳಗಳಿಂದ ಎಲ್ಲರೂ ಸೇರಿ ಕಥೆ ಕಟ್ಟುವ ಆಟ. ಆಟದ ಮೂಲ ತುಂಬ ಸರಳ. ಒಬ್ಬರು ಡಂಜನ್ ಮಾಸ್ಟರ್, ಎಲ್ಲರೂ ಕರೆಯುವುದು ಡಿಎಂ ಅಂತ. ಉಳಿದವರಿಗೆ ತಲಾ ಒಂದೊಂದು ಪಾತ್ರ. ಡಿಎಂ ಒಂದು ಸನ್ನಿವೇಶ ಹೇಳಿ ಕೇಳುತ್ತಾರೆ: ‘ಏನ್ ಮಾಡ್ತೀರಿ?’ ನೀವು ನಿಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತೀರಿ. ಅದು ಆಗುವ ಕೆಲಸವಾದರೆ ಆಯಿತು, ಆಗದ ಕೆಲಸವಾದರೆ ಇಲ್ಲ. ಆಗಲೂಬಹುದು, ಆಗದೆಯೂ ಇರಬಹುದು ಅನ್ನುವ ಕಡೆ ಮಾತ್ರ ದಾಳ ಉರುಳಿಸುತ್ತೀರಿ. ನೂರಾರು ಪುಟದ ನಿಯಮಗಳೆಲ್ಲ ಈ ಮೂರನೆಯದನ್ನು ತೀರ್ಮಾನ ಮಾಡಲು ಇರುವವು.

1974ಕ್ಕಿಂತ ಮೊದಲು ಅಮೆರಿಕದಲ್ಲಿ ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಯುದ್ಧದಾಟ ಆಡುವ ಗುಂಪುಗಳಿದ್ದವು. ಈ ಆಟ ಕಟ್ಟಿದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಆ ಗುಂಪುಗಳಿಂದ ಬಂದವರೇ. ಒಬ್ಬ ಆಟಗಾರನ ಕೈಗೆ ಇಡೀ ಸೈನ್ಯ ಕೊಡುವ ಬದಲು ಒಬ್ಬನೇ ಒಬ್ಬ ಮನುಷ್ಯನನ್ನು ಕೊಟ್ಟರೆ ಏನಾಗುತ್ತದೆ ಅನ್ನುವುದು ಅವರ ಆಟದ ತಿರುಳು. 1974ರಲ್ಲಿ ಅದು ಹೊರಬಂದದ್ದು ಒಂದು ಪೆಟ್ಟಿಗೆಯಲ್ಲಿ ಮೂರು ತೆಳ್ಳನೆಯ ಪುಸ್ತಿಕೆಯಾಗಿ, ಮೊದಲು ಅಚ್ಚು ಹಾಕಿಸಿದ್ದು 1000 ಪ್ರತಿ. ಸೈನ್ಯ ನಡೆಸುವವನು ಲೆಕ್ಕ ಹಾಕುತ್ತಾನೆ. ಒಬ್ಬನೇ ಮನುಷ್ಯನನ್ನು ನಡೆಸುವವನಿಗೆ ಅವನ ಹಸಿವು, ಹಠ, ಹೆದರಿಕೆ ಎಲ್ಲ ತನ್ನದಾಗುತ್ತಾ ಹೋಗುತ್ತದೆ. ನಾನು ಈ ಆಟಕ್ಕೆ ಮನಸೋತಿದ್ದು ಅಲ್ಲೇ.

ನಮ್ಮ ಮೊದಲ ಆಟದ ಒಂದು ಹತ್ತು ನಿಮಿಷ ಹೇಳುತ್ತೇನೆ, ಆಗ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಹೊಸಬರಿಗೆಂದೇ ಮಾಡಿದ ಪೆಟ್ಟಿಗೆ, 2014ರ ಸ್ಟಾರ್ಟರ್ ಸೆಟ್‌ನಲ್ಲಿ ಬರುವ ಕಥೆ ಅದು. ಪಾತ್ರಗಳು ಸಾಮಾನು ತುಂಬಿದ ಗಾಡಿ ಹೊಡೆದುಕೊಂಡು ಒಂದು ಹಳ್ಳಿಗೆ ಹೊರಟಿರುತ್ತವೆ. ದಾರಿಗೆ ಅಡ್ಡಲಾಗಿ ಎರಡು ಕುದುರೆ ಸತ್ತು ಬಿದ್ದಿವೆ, ಮೈಯಲ್ಲಿ ಕಪ್ಪು ಗರಿಯ ಬಾಣಗಳು. ಅಕ್ಕಪಕ್ಕದ ಪೊದೆಯಲ್ಲಿ ಗಾಬ್ಲಿನ್‌ಗಳು, ಅಂದರೆ ಕುಳ್ಳಗಿನ, ಹರಿತ ಹಲ್ಲಿನ ದರೋಡೆಕೋರರು. ಹೊಡೆದಾಟ ಆಯಿತು. ಕೊನೆಗೆ ಉಳಿದ ಒಂದು ಗಾಬ್ಲಿನ್ ಗಾಯ ಮಾಡಿಕೊಂಡು ಮರದ ಬುಡಕ್ಕೆ ಒರಗಿ ಕೂತಿತ್ತು. ನಮ್ಮ ಫೈಟರ್ ಕತ್ತಿ ಎತ್ತಿದ್ದ. ಅಷ್ಟರಲ್ಲಿ ಬಾರ್ಡ್, ಅಂದರೆ ಹಾಡುಗಾರ್ತಿಯ ಪಾತ್ರದಲ್ಲಿದ್ದ ನನ್ನಕ್ಕ ಕೇಳಿದಳು: ‘ತಡಿ, ಅದು ಊಟ ಮಾಡಿ ಎಷ್ಟು ದಿನ ಆಗಿದೆ?’

ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಡಿಎಂ ನಾನೇ ಆಗಿದ್ದೆ, ಒಂದು ಕ್ಷಣ ಯೋಚಿಸಿ ‘ಪಕ್ಕೆಲುಬು ಎಣಿಸಬಹುದು’ ಅಂದೆ. ಅಕ್ಕ ತನ್ನ ಪಾತ್ರದ ಚೀಲದಿಂದ ರೊಟ್ಟಿ ತೆಗೆದು ಎರಡು ತುಂಡು ಮಾಡಿದಳು. ಒಂದನ್ನು ಮೊದಲು ತಾನೇ ತಿಂದಳು, ವಿಷ ಇಲ್ಲ ಅಂತ ತೋರಿಸಲು. ಇನ್ನೊಂದನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಕೂತಳು. ಮನೆಯ ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ನಾನು ಹೇಳಿದೆ: ‘ಮನವೊಲಿಸೋಕೆ ದಾಳ ಹಾಕು, 15 ಬೇಕು.’ ಇಪ್ಪತ್ತು ಮುಖದ ದಾಳ ಉರುಳಿ 10ಕ್ಕೆ ನಿಂತಿತು. ಅವಳ ಪಾತ್ರದ ಕರಿಸ್ಮಾ, ಅಂದರೆ ಜನರನ್ನು ಸೆಳೆಯುವ ಗುಣ, 16, ಅದಕ್ಕೆ 3 ಸೇರುತ್ತದೆ. ಮನವೊಲಿಸುವುದರಲ್ಲಿ ಪಳಗಿದವಳು ಅಂತ ಇನ್ನೊಂದು 2. ಒಟ್ಟು 15. ಬೇಕಾದ ಅಂಕ ಮುಟ್ಟಿದರೆ ಸಾಕು, ದಾಟಬೇಕಿಲ್ಲ. ಗಾಬ್ಲಿನ್ ರೊಟ್ಟಿ ಎತ್ತಿಕೊಂಡಿತು. ಅದಕ್ಕೆ ಗುಂಡ ಅಂತ ಹೆಸರಿಟ್ಟೆವು, ಎಂಟು ತಿಂಗಳು ನಮ್ಮ ಜೊತೆಗೇ ಇತ್ತು.

ಈ ಆಟದ ಗಣಿತ ಹೆಚ್ಚುಕಡಿಮೆ ಅಷ್ಟೇ. ಪ್ರತಿ ಪಾತ್ರಕ್ಕೆ ಆರು ಗುಣ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಮತ್ತೆ ಜನರನ್ನು ಸೆಳೆಯುವ ವ್ಯಕ್ತಿತ್ವ, ಅದೇ ಕರಿಸ್ಮಾ. ಶುರುವಿಗೆ 15, 14, 13, 12, 10, 8 ಈ ಆರು ಅಂಕಗಳನ್ನು ನಿಮಗೆ ಬೇಕಾದ ಹಾಗೆ ಹಂಚಿಕೊಳ್ಳಿ. ಪಾತ್ರದ ಹಿನ್ನೆಲೆಯಿಂದ ಒಂದೆರಡು ಅಂಕ ಮೇಲೆ ಸಿಗುತ್ತದೆ. ಗುಣದಲ್ಲಿ 10 ಕಳೆದು ಅರ್ಧ ಮಾಡಿ, ಭಿನ್ನ ಬಂದರೆ ಕೆಳಗಿನ ಪೂರ್ಣ ಅಂಕಕ್ಕೆ ಇಳಿಸಿದರೆ ದಾಳಕ್ಕೆ ಸೇರಿಸುವ ಅಂಕ ಬರುತ್ತದೆ. ಪರಿಸ್ಥಿತಿ ನಿಮ್ಮ ಪರವಾಗಿದ್ದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುತ್ತೀರಿ, ಇದು ಅಡ್ವಾಂಟೇಜ್. ವಿರುದ್ಧವಾಗಿದ್ದರೆ ಚಿಕ್ಕದು. 11 ಅಥವಾ ಮೇಲೆ ಬೀಳಬೇಕಾದ ಕಡೆ ಒಂದು ದಾಳಕ್ಕೆ ಶೇಕಡಾ 50 ಅವಕಾಶ, ಅಡ್ವಾಂಟೇಜ್ ಇದ್ದರೆ 75. ಅದಕ್ಕೇ ಅಕ್ಕನಂತೆ ಯೋಚಿಸಿ ಆಡುವವರಿಗೆ ಡಿಎಂ ಅಡ್ವಾಂಟೇಜ್ ಕೊಡಲು ಹಿಂದೆಮುಂದೆ ನೋಡಬಾರದು. ಆವತ್ತು ನಾನು ಕೊಡಬೇಕಿತ್ತು, ಹೊಳೆಯಲಿಲ್ಲ.

ಈಗ ಖರ್ಚಿನ ವಿಷಯ. ಮೂಲ ನಿಯಮಗಳು ಉಚಿತ. ಎಸ್‌ಆರ್‌ಡಿ ಅನ್ನುವ ಪಿಡಿಎಫ್ ಹುಡುಕಿ, ಅದರಲ್ಲಿ ಪಾತ್ರ ಕಟ್ಟುವುದು, ಹೊಡೆದಾಟ, ಮಂತ್ರಗಳು, ರಾಕ್ಷಸರು ಎಲ್ಲ ಇದೆ. 2023ರ ಜನವರಿಯಲ್ಲಿ ಆಟದ ಒಡೆತನದ ಕಂಪನಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಹಳೆಯ ಮುಕ್ತ ಪರವಾನಗಿಯನ್ನು ಬಿಗಿ ಮಾಡಲು ಹೊರಟಾಗ ಆಟಗಾರರು ದೊಡ್ಡದಾಗಿ ದನಿ ಎತ್ತಿದರು. ಕಂಪನಿ ಹಿಂದೆ ಸರಿದು ಈ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಟ್ಟಿತು. ಅಂದರೆ ಮೂಲವನ್ನು ನಮೂದಿಸಿ ಯಾರು ಬೇಕಾದರೂ ಅದನ್ನು ಕನ್ನಡಕ್ಕೆ ತಂದು ಹಂಚಬಹುದು, ಮಾರಲೂಬಹುದು. ಈ ಮಾತು ನಮ್ಮವರಲ್ಲಿ ಹೆಚ್ಚು ಜನಕ್ಕೆ ಗೊತ್ತಾಗಬೇಕು ಅಂತ ನನ್ನಾಸೆ. ನಮ್ಮ ಗುಂಪಿಗಾಗಿ ನಾನೇ ಎರಡು ಪುಟದ ಕನ್ನಡ ಸಾರಾಂಶ ಮಾಡಿಟ್ಟುಕೊಂಡಿದ್ದೇನೆ, ಹೊಸಬರು ಬಂದರೆ ಅಷ್ಟನ್ನೇ ಕೈಗೆ ಕೊಡುವುದು.

ದಾಳ ಏಳರ ಸೆಟ್ ಬರುತ್ತದೆ: 4, 6, 8, 12, 20 ಮುಖದ್ದು ಒಂದೊಂದು, 10 ಮುಖದ್ದು ಎರಡು. ಸದ್ಯಕ್ಕೆ ಫೋನಿನಲ್ಲೇ ದಾಳ ಹಾಕಬಹುದು. ಆದರೆ ಆಟ ಹಿಡಿಸಿತೆಂದರೆ ಗುಂಪಿಗೆ ಒಂದಾದರೂ ಸೆಟ್ ಕೊಳ್ಳಿ. ಎಲ್ಲರ ಕಣ್ಣೂ ಒಂದು ದಾಳದ ಮೇಲೆ ನೆಡುವ ಆ ಎರಡು ಸೆಕೆಂಡ್ ಪರದೆಯ ಮೇಲೆ ಸಿಗುವುದಿಲ್ಲ. ದುಡ್ಡು ಹಾಕುವುದಾದರೆ ಎರಡನೆಯದಾಗಿ ಒಂದು ಸ್ಟಾರ್ಟರ್ ಸೆಟ್ ಕೊಳ್ಳಿ. ಸಿದ್ಧ ಪಾತ್ರಗಳು, ಸಿದ್ಧ ಕಥೆ, ದಾಳ ಎಲ್ಲ ಅದರಲ್ಲೇ ಇರುತ್ತದೆ. ದಪ್ಪ ಪುಸ್ತಕಗಳು ಆರು ತಿಂಗಳ ನಂತರ ಸಾಕು.

ನಿಮ್ಮಲ್ಲಿ ಯಾರು ಡಿಎಂ ಆಗಬೇಕು? ನಿಯಮ ಹೆಚ್ಚು ಓದಿದವರು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಬೇರೆಯವರ ಮಾತನ್ನು ಚೆನ್ನಾಗಿ ಕೇಳಿಸಿಕೊಳ್ಳುವವರು. ನಿಯಮ ಮರೆತರೆ ಅಂದಾಜಿನ ಮೇಲೆ ತೀರ್ಮಾನ ಕೊಟ್ಟು ಮುಂದೆ ಹೋಗಿ, ಆಟ ಮುಗಿದ ಮೇಲೆ ನೋಡಿಕೊಳ್ಳಬಹುದು. ನಾನು ಕಲಿತ ಎರಡು ಪಾಠ ನಿಮಗೆ ಮೊದಲೇ ಸಿಗಲಿ.

ಒಂದು, ಮೊದಲ ಹೊಡೆದಾಟ ಸಣ್ಣದಿರಲಿ. ಒಂದನೆಯ ಹಂತದ ಮಾಂತ್ರಿಕನಿಗೆ ಎಂಟೋ ಒಂಬತ್ತೋ ಹಿಟ್ ಪಾಯಿಂಟ್, ಅಂದರೆ ಏಟು ತಿಂದು ತಡೆದುಕೊಳ್ಳುವ ಅಂಕ, ಇರುತ್ತದೆ. 2014ರ ನಿಯಮದ ಗಾಬ್ಲಿನ್ ಬಾಣ ತಾಗಿದರೆ ಆರು ಮುಖದ ದಾಳಕ್ಕೆ 2 ಸೇರಿಸಿದಷ್ಟು ಏಟು. ಎರಡು ಬಾಣ ತಾಗಿದರೆ ಹೆಚ್ಚಿನ ಸಲ ಆ ಪಾತ್ರ ನೆಲಕ್ಕೆ. ಬೀಳುವುದೆಂದರೆ ಸಾಯುವುದಲ್ಲ. ತನ್ನ ಸರದಿ ಬಂದಾಗಲೆಲ್ಲ ದಾಳ ಹಾಕಬೇಕು: ಮೂರು ಸಲ 10 ಅಥವಾ ಮೇಲೆ ಬಿದ್ದರೆ ಜೀವ ಉಳಿಯಿತು, ಮೂರು ಸಲ ಕಡಿಮೆ ಬಿದ್ದರೆ ಹೋಯಿತು. ಆದರೂ ಹೊಸದಾಗಿ ಬಂದವರು ಮೊದಲ ಗಂಟೆಯಲ್ಲೇ ನೆಲದ ಮೇಲೆ ಬಿದ್ದುಕೊಂಡು ಬೇರೆಯವರ ಆಟ ನೋಡುವಂತೆ ಆಗಬಾರದು. ಪುಸ್ತಕದಲ್ಲಿ ನಾಲ್ಕು ಗಾಬ್ಲಿನ್ ಅಂತಿದ್ದರೆ ನೀವು ಎರಡು ತನ್ನಿ. ನೀವು ನಾಲ್ವರಲ್ಲಿ ಒಬ್ಬರು ಡಿಎಂ ಆದರೆ ಉಳಿಯುವುದು ಮೂರೇ ಪಾತ್ರ, ಎರಡೇ ಸರಿ.

ಎರಡು, ಕಥೆ ಒಂದೇ ದಾಳದ ಮೇಲೆ ನಿಲ್ಲಬಾರದು. ನಾನೇ ಕಟ್ಟಿದ ಮೊದಲ ಕಥೆಯಲ್ಲಿ ಮುಖ್ಯವಾದ ಒಂದು ಪತ್ರವನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟಿದ್ದೆ. ಬೀಗ ತೆಗೆಯುವ ದಾಳ ಸೋತಿತು, ಬಾಗಿಲು ಒಡೆಯುವ ದಾಳವೂ ಸೋತಿತು. ನಲವತ್ತು ನಿಮಿಷ ಎಲ್ಲರೂ ಬಾಗಿಲ ಮುಂದೆ ನಿಂತರು, ಇಬ್ಬರು ಫೋನ್ ತೆಗೆದರು. ಇವತ್ತಾದರೆ ಬೇರೆ ರೀತಿ ಮಾಡುತ್ತೇನೆ: ದಾಳ ಸೋತರೂ ಬಾಗಿಲು ತೆಗೆಯುತ್ತದೆ, ಆದರೆ ಸದ್ದಿಗೆ ಕಾವಲುಗಾರ ಎಚ್ಚರಾಗುತ್ತಾನೆ. ಸೋಲು ಕಥೆಯನ್ನು ಬೇರೆ ಕಡೆ ತಿರುಗಿಸಬೇಕು, ನಿಲ್ಲಿಸಬಾರದು.

ಇನ್ನು ಭಾಷೆ, ನಟನೆ. ನಾನು ಬೆಳೆದದ್ದು ಸಾಗರದ ಕಡೆ. ಅಜ್ಜನ ಜೊತೆ ತಾಳಮದ್ದಲೆಗೆ ಹೋಗುತ್ತಿದ್ದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಕೃಷ್ಣನಾಗಿ, ಕೌರವನಾಗಿ ಆ ಕ್ಷಣಕ್ಕೆ ಹೊಳೆದ ಮಾತಿನಿಂದ ವಾದ ಕಟ್ಟುತ್ತಾರೆ. ಡಿ ಅಂಡ್ ಡಿ ಮೊದಲ ಸಲ ಆಡಿದಾಗ ನನಗೆ ನೆನಪಾಗಿದ್ದು ಅದೇ. ದೊಡ್ಡ ವ್ಯತ್ಯಾಸ ಒಂದಿದೆ: ಕೃಷ್ಣ ಸಂಧಾನದಲ್ಲಿ ಸಂಧಾನ ಮುರಿಯುತ್ತದೆ ಅಂತ ಎಲ್ಲರಿಗೂ ಗೊತ್ತು, ಇಲ್ಲಿ ಡಿಎಂಗೂ ಗೊತ್ತಿರುವುದಿಲ್ಲ. ಆದರೆ ಕೂತಲ್ಲೇ ಮಾತಿನಿಂದ ಇನ್ನೊಬ್ಬರಾಗುವುದು ನಮಗೆ ಹೊಸದಲ್ಲ, ಅದಕ್ಕೆ ಇಂಗ್ಲಿಷ್ ಬೇಕಿಲ್ಲ.

ಧಾರವಾಡದ ಗೆಳೆಯನೊಬ್ಬ ನಮ್ಮ ಗುಂಪಿನಲ್ಲಿದ್ದಾನೆ, ಅವನದು ಡ್ವಾರ್ಫ್, ಅಂದರೆ ಕುಳ್ಳಗಿನ ಗಟ್ಟಿ ಆಳಿನ ಪಾತ್ರ. ಮೊದಲ ಎರಡು ವಾರ ಅವನು ಇಂಗ್ಲಿಷ್ ಸಿನಿಮಾದವರ ಹಾಗೆ ಮಾತಾಡಲು ಪ್ರಯತ್ನಿಸಿ ಸುಮ್ಮನಾಗುತ್ತಿದ್ದ. ಮೂರನೆಯ ವಾರ ಕತ್ತಲ ಗುಹೆಯಲ್ಲಿ ಯಾರೋ ಓಡಿದ ಸದ್ದಾಯಿತು ಅಂದೆ. ತಟ್ಟನೆ ‘ಯಾರಲೇ ಅದು? ಹೊರಗ ಬಾ, ಮಾರಿ ನೋಡೂಣು!’ ಅಂದ. ಆವತ್ತಿನಿಂದ ಆ ಡ್ವಾರ್ಫ್‌ಗೆ ಜೀವ ಬಂತು. ಬೆಂಗಳೂರಿನ ಆಫೀಸಿನಲ್ಲಿ ಮಡಚಿಟ್ಟಿದ್ದ ಮನೆಮಾತು ಅದು. ‘ಸೇವಿಂಗ್ ಥ್ರೋ’, ‘ಇನಿಶಿಯೇಟಿವ್’ ತರದ ಆಟದ ಪದಗಳನ್ನು ಹಾಗೇ ಬಿಡಿ, ಯಾರಿಗೂ ತೊಡಕಾಗುವುದಿಲ್ಲ. ಪಾತ್ರಗಳ ಮಾತು ಮಾತ್ರ ನಿಮ್ಮ ಮನೆಯ ಕನ್ನಡದಲ್ಲಿರಲಿ.

ಹಾಗೆ ದನಿ ತೆಗೆದು ಮಾತಾಡಲು ಸಂಕೋಚವಾದರೆ ‘ನನ್ನ ಪಾತ್ರ ಅವನ ಹತ್ತಿರ ದಾರಿ ಕೇಳುತ್ತದೆ’ ಅಂದರೂ ಸಾಕು. ನಮ್ಮಲ್ಲಿ ಒಬ್ಬಳು ಒಂದು ವರ್ಷ ಹಾಗೇ ಆಡಿದಳು, ಅವಳಷ್ಟು ಚುರುಕಾಗಿ ಉಪಾಯ ಹೂಡುವವರು ಇನ್ನೊಬ್ಬರಿರಲಿಲ್ಲ.

ಆಟಕ್ಕೆ ಮೊದಲು ಅರ್ಧ ಗಂಟೆ ಸುಮ್ಮನೆ ಕೂತು ಮಾತಾಡಿ. ಇದಕ್ಕೆ ಸೆಷನ್ ಝೀರೋ ಅಂತಾರೆ. ಎಂಥ ಕಥೆ ಬೇಕು, ಏನು ಬೇಡ ಅಂತ ಪ್ರತಿಯೊಬ್ಬರೂ ಹೇಳಲಿ. ನಮ್ಮಲ್ಲಿ ಒಬ್ಬರು ಮಕ್ಕಳಿಗೆ ನೋವಾಗುವ ದೃಶ್ಯ ಬೇಡ ಅಂದರು. ಯಾಕೆ ಅಂತ ಯಾರೂ ಕೇಳಲಿಲ್ಲ, ಇವತ್ತಿನವರೆಗೂ ನಮ್ಮ ಕಥೆಯಲ್ಲಿ ಅದು ಬಂದಿಲ್ಲ. ಕೆಲವು ಗುಂಪುಗಳು ಮೇಜಿನ ಮಧ್ಯೆ ಎಕ್ಸ್ ಬರೆದ ಒಂದು ಕಾರ್ಡ್ ಇಟ್ಟಿರುತ್ತವೆ, ಯಾರಿಗಾದರೂ ಕಸಿವಿಸಿಯಾದರೆ ಮುಟ್ಟಿದರೆ ಸಾಕು, ದೃಶ್ಯ ಬದಲಾಗುತ್ತದೆ. ಹೊಸಬರ ಗುಂಪಿಗೆ ಅದು ಒಳ್ಳೆಯದು, ಬಾಯಿಬಿಟ್ಟು ಹೇಳಲು ಎಲ್ಲರಿಗೂ ಆಗುವುದಿಲ್ಲ.

ಕೊನೆಯದು ದಿನ ಹೊಂದಿಸುವುದು. ನಾನು ಕಂಡ ಗುಂಪುಗಳಲ್ಲಿ ಹೆಚ್ಚಿನವು ಒಡೆದದ್ದು ಜಗಳದಿಂದಲ್ಲ, ‘ಮುಂದಿನ ವಾರ ನೋಡೋಣ’ ಅನ್ನುವುದರಿಂದ. ಮೂರು ಗಂಟೆ ಆಡಿ, ಎದ್ದು ಹೋಗುವ ಮೊದಲೇ ಮುಂದಿನ ದಿನ ಗೊತ್ತು ಮಾಡಿ. ಒಬ್ಬರು ಬರದಿದ್ದರೂ ನಮ್ಮಲ್ಲಿ ಆಟ ನಡೆಯುತ್ತದೆ, ಬಾರದವರ ಪಾತ್ರ ಗಾಡಿಯ ಹತ್ತಿರ ಕಾವಲಿಗೆ ನಿಂತಿರುತ್ತದೆ.