ತಿಂಗಳಿಗೊಮ್ಮೆ ಬಾಯಿ ಹುಣ್ಣು ಬರುತ್ತದೆ, ಯಾವ ಮುಲಾಮು ಹಚ್ಚಬೇಕು?

ಸೇಡಂ ಕಡೆಯವರು, ಪೂರ್ತಿ ಸಸ್ಯಾಹಾರಿ, ಎರಡು ವರ್ಷದಿಂದ ಹೀಗೇ ಆಗುತ್ತಿದೆ, ಮನೆಯಲ್ಲಿ ಎಲ್ಲರೂ ಹೀಟ್ ಅಂತಾರೆ ಅಂತ ಬರೆದಿದ್ದೀರಿ. ಓದುವಾಗ ನಾನೇ ಬರೆದ ಹಾಗೆ ಅನ್ನಿಸಿತು. ಮುಲಾಮಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನನ್ನ ಕಥೆ ಕೇಳಿ.

ನಾನು ಕಲಬುರಗಿಯವನು, ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಡಿಸೆಂಬರ್‌ನಲ್ಲಿ ತೊಗರಿ ಬರಲು ಶುರುವಾದರೆ ನಮಗೆ ಊಟದ ಹೊತ್ತು ಅಂತ ಇರುವುದಿಲ್ಲ. ಲಾರಿ ಬರುತ್ತಲೇ ಇರುತ್ತವೆ, ತೂಕದ ಚೀಟಿ, ಹಮಾಲರ ಲೆಕ್ಕ, ನಡುವೆ ಚಹಾ, ಮಿರ್ಚಿ ಭಜಿ, ಮತ್ತೆ ಚಹಾ. ಒಂದು ವರ್ಷ ಹೀಗೇ ಎದೆ ಉರಿ ಹತ್ತಿಕೊಂಡಿತು. ಜೊತೆಗೆ ಕೆಲಸ ಮಾಡುವವರೊಬ್ಬರು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸಿನ ಮಾತ್ರೆ ನುಂಗು, ಏನೂ ಆಗಲ್ಲ ಅಂದರು. ಪ್ಯಾಂಟೊಪ್ರಜೋಲ್ ಅಂತ ಬರುತ್ತದಲ್ಲ, ಅದೇ. ನುಂಗಿದೆ, ಉರಿ ಹೋಯಿತು. ಸೀಸನ್ ಮುಗಿಯಿತು, ಮಾತ್ರೆ ಮುಗಿಯಲಿಲ್ಲ. ಹಲ್ಲುಜ್ಜಿದ ಮೇಲೆ ಅದನ್ನು ನುಂಗುವುದು ಅಭ್ಯಾಸವೇ ಆಗಿಹೋಯಿತು. ಮೂರು ವರ್ಷ, ದಿನಾ ಒಂದು.

ಎರಡನೇ ವರ್ಷ ಹುಣ್ಣು ಶುರುವಾದವು. ತುಟಿಯ ಒಳಗೆ, ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ. ನಡುವೆ ಬಿಳಿ, ಸುತ್ತ ಕೆಂಪು ಅಂಚು. ಅವ್ವ ನೋಡಿದವಳೇ "ಮೈಯಾಗ ಹೀಟ್ ಆಗ್ಯಾದ, ಸಬ್ಜಾ ನೀರು ಕುಡಿ" ಅಂದಳು. ಮೇ ತಿಂಗಳಲ್ಲಿ 42 ಡಿಗ್ರಿ ಕಾಯುವ ಊರಿನಲ್ಲಿ ಹೀಟ್ ಅಂದರೆ ಯಾರು ಇಲ್ಲ ಅಂತಾರೆ ಹೇಳಿ? ಸಬ್ಜಾ ಕುಡಿದೆ, ಗುಲ್ಕಂದ ತಿಂದೆ, ಪೇರಲ ಎಲೆ ಅಗಿದೆ, ತುಪ್ಪ ಹಚ್ಚಿದೆ. ಪ್ರತಿ ಸಲ ಎಂಟು ಹತ್ತು ದಿನಕ್ಕೆ ಹುಣ್ಣು ಮಾಯುತ್ತಿತ್ತು, ಪ್ರತಿ ಸಲ ಕೊನೆಗೆ ಮಾಡಿದ್ದು ಯಾವುದೋ ಅದೇ ಮದ್ದು ಅಂದುಕೊಳ್ಳುತ್ತಿದ್ದೆ. ಸಾಮಾನ್ಯ ಬಾಯಿ ಹುಣ್ಣು ಏನೂ ಮಾಡದಿದ್ದರೂ ಒಂದರಿಂದ ಎರಡು ವಾರದಲ್ಲಿ ತಾನಾಗಿಯೇ ಮಾಯುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಅದಕ್ಕೇ ನಮ್ಮ ಕಡೆ ಮನೆಗೊಂದು ಗ್ಯಾರಂಟಿ ಮದ್ದು ಇರುವುದು. ಐದನೇ ದಿನ ಏನು ಹಚ್ಚಿದರೂ ಹತ್ತನೇ ದಿನ ಅದಕ್ಕೆ ಹೆಸರು ಬರುತ್ತದೆ.

ಆ ವರ್ಷ ಡಿಸೆಂಬರ್ ಚಳಿಯಲ್ಲಿ ಒಟ್ಟಿಗೆ ನಾಲ್ಕು ಎದ್ದವು. ಚಳಿಯಲ್ಲಿ ಎಲ್ಲಿಯ ಹೀಟ್? ಆಗ ಒಬ್ಬ ಡಾಕ್ಟರ್ ಹತ್ತಿರ ಹೋದೆ. ಈಗ ಸರಿಯಾಗಿ ಓದಿ, ಯಾಕೆಂದರೆ ನನ್ನ ತಪ್ಪು ಇಲ್ಲೇ ಇದೆ. ಅವರು ಬಾಯಿ ನೋಡಿದರು. ಮಾಂಸ, ಮೊಟ್ಟೆ ತಿಂತೀರಾ ಅಂತ ಕೇಳಿದರು. ಇಲ್ಲ, ಆದರೆ ಹಾಲು ಮೊಸರು ದಿನಾ ಇರುತ್ತದೆ ಅಂದೆ. ದಿನಾ ಯಾವುದಾದರೂ ಮಾತ್ರೆ ತಗೋತೀರಾ ಅಂತ ಕೇಳಿದರು. "ಇಲ್ಲ ಸರ್" ಅಂದೆ.

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ನನ್ನ ತಲೆಯಲ್ಲಿ ಮಾತ್ರೆ ಅಂದರೆ ಬಿಪಿಯದು, ಶುಗರಿನದು, ಡಾಕ್ಟರ್ ಚೀಟಿ ಬರೆದುಕೊಟ್ಟದ್ದು. ಗ್ಯಾಸಿನ ಮಾತ್ರೆಯನ್ನು ನಾನು ಔಷಧ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ, ಅದು ಹಲ್ಲುಪುಡಿಯಂತೆ ಮನೆಯ ಸಾಮಾನು. ಕೇಳಿದ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ತಪ್ಪಾಗಿತ್ತು. ಅವರು ಹಿಮೋಗ್ಲೋಬಿನ್ ನೋಡಿಸಿದರು, 13 ಇತ್ತು, ಸರಿ ಇದೆ ಅಂದರು. ಹಚ್ಚಲು ಪೇಸ್ಟ್ ಬರೆದುಕೊಟ್ಟು ಕಳಿಸಿದರು. ಅವತ್ತು ಒಂದು ಮಾತು ಬಾಯಿಬಿಟ್ಟಿದ್ದರೆ ವಿಟಮಿನ್ ಬಿ12 ಪರೀಕ್ಷೆ ಅವತ್ತೇ ಆಗುತ್ತಿತ್ತು.

ಅದಾಗಿ 14 ತಿಂಗಳು ಕಳೆದೆ. ಹುಣ್ಣು ಬಂದಾಗ ಮೆಡಿಕಲ್ ಶಾಪಿಗೆ ಹೋಗಿ ಬಿ ಕಾಂಪ್ಲೆಕ್ಸ್ ಒಂದು ಪಟ್ಟಿ ತರುತ್ತಿದ್ದೆ, ನಾಲ್ಕು ದಿನ ತಿನ್ನುತ್ತಿದ್ದೆ, ಮಾಯಿತು ಅಂತ ಬಿಡುತ್ತಿದ್ದೆ. ಹುಣ್ಣು ಇಲ್ಲದಾಗಲೂ ನಾಲಿಗೆ ಉರಿಯಲು ಶುರುವಾಯಿತು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇಲ್ಲದೆ ಊಟವೇ ಸೇರದವನು ಮೊಸರನ್ನ ತಿನ್ನುವ ಹಾಗಾಯಿತು. ಆಮೇಲೆ ಪಾದದಲ್ಲಿ ಜುಮ್ಮೆನ್ನುವುದು, ಇರುವೆ ಹರಿದ ಹಾಗೆ. ಮಿಲ್‌ನಲ್ಲಿ ದಿನವಿಡೀ ನಿಲ್ಲುತ್ತೇನಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಬಾಯಿಗೂ ಕಾಲಿಗೂ ಸಂಬಂಧ ಇರಬಹುದು ಅಂತ ಹೊಳೆಯಲೇ ಇಲ್ಲ.

ಹಲ್ಲು ತೋರಿಸಲು ಹೋದಾಗ ಗೊತ್ತಾಯಿತು. ಫೀಸು ಕೊಡಲು ಅಂಗಿ ಜೇಬಿಗೆ ಕೈ ಹಾಕಿದೆ, ದುಡ್ಡಿನ ಜೊತೆ ಮಾತ್ರೆ ಪಟ್ಟಿ ಕೆಳಗೆ ಬಿತ್ತು. ಇದೇನು ಅಂದರು ಆ ಮೇಡಂ. ಗ್ಯಾಸಿಂದು ಮೇಡಂ ಅಂದೆ. ಎಷ್ಟು ದಿನದಿಂದ? ಮೂರು ವರ್ಷ ಆಯಿತು ಅಂದೆ. ಅವರು ಪೆನ್ನು ಕೆಳಗಿಟ್ಟು ಮತ್ತೆ ನಾಲಿಗೆ ಚಾಚಿ ಅಂದರು. ನಾಲಿಗೆ ಕೆಂಪಾಗಿ, ನುಣ್ಣಗೆ, ಮೇಲಿನ ತರಿ ಎಲ್ಲಾ ಹೋಗಿ ಪ್ಲಾಸ್ಟಿಕ್ ಥರ ಆಗಿತ್ತು. ಕನ್ನಡಿಯಲ್ಲಿ ದಿನಾ ನೋಡಿದ್ದೇನೆ, ಗುರುತಿಸಿರಲಿಲ್ಲ. ಬಿ12 ರಿಪೋರ್ಟ್ 118 ಬಂತು. ಕಡಿಮೆ ಅಂದರೂ 200 ಇರಬೇಕು.

ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಜೋಳದಲ್ಲಿ, ತೊಗರಿಯಲ್ಲಿ, ಸೊಪ್ಪಿನಲ್ಲಿ ಬಿ12 ಇರುವುದಿಲ್ಲ, ಎಷ್ಟು ತಿಂದರೂ ಇಲ್ಲ. ಅದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಲ್ಲಿ ಇರುವುದು. ನಮ್ಮಂಥವರಿಗೆ ಹಾಲು ಮೊಸರೇ ಗತಿ. ಆ ಹಾಲಿನಲ್ಲೂ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಹೊಟ್ಟೆಯ ಆಸಿಡ್ ಅದನ್ನು ಬಿಡಿಸಬೇಕು. ನಾನೋ ದಿನಾ ಬೆಳಿಗ್ಗೆ ಆ ಆಸಿಡನ್ನೇ ಮಾತ್ರೆ ನುಂಗಿ ತಗ್ಗಿಸುತ್ತಿದ್ದೆ. ಹಾಲು ಕುಡಿದರೂ ಒಳಗೆ ಸೇರುವುದು ಕಡಿಮೆಯಾಯಿತು. ಲಿವರ್‌ನಲ್ಲಿ ವರ್ಷಗಟ್ಟಲೆ ಸಾಕಾಗುವಷ್ಟು ಬಿ12 ಕೂಡಿಟ್ಟಿರುತ್ತದಂತೆ. ಅದಕ್ಕೇ ಕೊರತೆ ಕಾಣಿಸಿಕೊಳ್ಳಲು ಅಷ್ಟು ಕಾಲ ಬೇಕಾಯಿತು, ಅದಕ್ಕೇ ನನಗೆ ಮಾತ್ರೆಯ ಮೇಲೆ ಅನುಮಾನವೇ ಬರಲಿಲ್ಲ. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಕಾಲಾಂತರದಲ್ಲಿ ಬಿ12 ಇಳಿಸುತ್ತದೆ. ಮನೆಯಲ್ಲಿ ಯಾರಾದರೂ ತಗೋತಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ.

ಇಂಜೆಕ್ಷನ್ ಶುರುವಾಯಿತು. ಎರಡು ವಾರದಲ್ಲಿ ನಾಲಿಗೆ ಉರಿ ಇಳಿಯಿತು, ಮೂರು ತಿಂಗಳಲ್ಲಿ ಹುಣ್ಣು ಬರುವುದು ಬಹಳ ಕಡಿಮೆಯಾಯಿತು. ಕಾಲಿನ ಜುಮ್ಮು ಹೋಗಲು ಎಂಟು ತಿಂಗಳು ಹಿಡಿಯಿತು, ಎಡಗಾಲಿನ ಹೆಬ್ಬೆರಳಿಗೆ ಇವತ್ತಿಗೂ ಸ್ಪರ್ಶ ಸರಿಯಾಗಿಲ್ಲ. ನರಕ್ಕೆ ಆದ ಪೆಟ್ಟು ಪೂರ್ತಿ ವಾಪಸ್ ಬರುವುದು ಕಷ್ಟ ಅಂದರು. ಆ ಒಂದು "ಇಲ್ಲ ಸರ್" ನನಗೆ ಇಷ್ಟು ದುಬಾರಿಯಾಯಿತು. ಗ್ಯಾಸಿನ ಮಾತ್ರೆಯನ್ನು ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಬಿಟ್ಟೆ. ನೀವೂ ತಗೋತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಎದೆ ಉರಿ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು.

ಈಗ ನಿಮ್ಮ ಮುಲಾಮು. ಟ್ರೈಯಾಮ್ಸಿನೊಲೋನ್ ಅಂತ ಬಾಯಿಗೆ ಹಚ್ಚುವ ಪೇಸ್ಟ್ ಬರುತ್ತದೆ, ಸ್ಟಿರಾಯ್ಡ್ ಅದು, ಡಾಕ್ಟರ್ ಹೇಳಿದರೆ ಮಾತ್ರ ಹಚ್ಚಿ. ಹುಣ್ಣು ಏಳುವಾಗಲೇ, ಜಾಗ ಒರೆಸಿ, ರಾತ್ರಿ ಮಲಗುವ ಮುಂಚೆ, ಉಜ್ಜದೆ ಹಚ್ಚಬೇಕು. ಊಟಕ್ಕೆ ಮುಂಚೆ ಮರಗಟ್ಟಿಸುವ ಜೆಲ್ ಹಚ್ಚಿಕೊಂಡರೆ ನಾಲ್ಕು ತುತ್ತು ಇಳಿಯುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ, ಖರ್ಚಿಲ್ಲ, ತೊಂದರೆಯೂ ಇಲ್ಲ. ಅವ್ವನ ಸಬ್ಜಾ ನೀರು ಕುಡಿಯಿರಿ, ಬಾಯಿಗೆ ತಂಪೆನ್ನಿಸುತ್ತದೆ. ಪಟಿಕ, ಸುಣ್ಣ ಮಾತ್ರ ಹಚ್ಚಬೇಡಿ, ಸುಡುತ್ತದೆ. ನೊರೆ ಬರಿಸಲು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಟೂತ್‌ಪೇಸ್ಟ್‌ನಿಂದ ಕೆಲವರಿಗೆ ಹುಣ್ಣು ಕಡಿಮೆಯಾಗುತ್ತದೆ, ನನಗೆ ಅಷ್ಟೇನೂ ಆಗಲಿಲ್ಲ. ನಿದ್ದೆ ಕೆಟ್ಟ ವಾರ ನನಗೆ ಈಗಲೂ ಒಂದು ಏಳುತ್ತದೆ. ಆದರೆ ತಿಂಗಳಿಗೊಮ್ಮೆ ಬರುವ ಹುಣ್ಣಿಗೆ ಮುಲಾಮು ಹುಡುಕುತ್ತಾ ಕೂರುವುದು ತಪ್ಪು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ರಕ್ತ ಪರೀಕ್ಷೆ ಮೊದಲು. ಬಿ12, ಫೋಲಿಕ್ ಆಸಿಡ್, ಕಬ್ಬಿಣದ ಅಂಶ, ಮೂರೂ ನೋಡಿಸಬೇಕೇ ಅಂತ ಡಾಕ್ಟರ್ ಬಳಿ ಬಾಯಿಬಿಟ್ಟು ಕೇಳಿ. ಹಿಮೋಗ್ಲೋಬಿನ್ ಒಂದೇ ಸರಿ ಇದ್ದರೆ ಸಾಲದು, ನನ್ನದೂ ಸರಿಯೇ ಇತ್ತು.

ಇನ್ನು ನಿಮ್ಮ ಕೊನೆಯ ಎರಡು ಸಾಲು. ನಾಲಿಗೆಯ ಬದಿಯಲ್ಲಿ ಒಂದು ಹುಣ್ಣು ತಿಂಗಳಾದರೂ ಹೋಗಿಲ್ಲ, ನೋವೂ ಅಷ್ಟಿಲ್ಲ, ಅದರ ಬಗ್ಗೆ ಚಿಂತೆಯಿಲ್ಲ ಅಂತ ಬರೆದಿದ್ದೀರಿ. ನನಗೆ ಚಿಂತೆ ಇರುವುದು ಅದರದ್ದೇ. ಮೂರು ವಾರ ದಾಟಿದ ಯಾವ ಹುಣ್ಣನ್ನೂ ಡಾಕ್ಟರ್ ನೋಡಲೇಬೇಕು, ನೋವಿಲ್ಲದಿದ್ದರಂತೂ ಇನ್ನೂ ಬೇಗ. ಮುರಿದ ಹಲ್ಲಿನ ಚೂಪು ತಾಗುತ್ತಿರಬಹುದು, ಉಜ್ಜಿ ನಯ ಮಾಡಿದರೆ ಹೋಗಿಬಿಡಬಹುದು. ಬೇರೆ ಏನಾದರೂ ಇದ್ದರೆ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅಡಿಕೆ ತಂಬಾಕು ಅಪರೂಪಕ್ಕೆ ಅಂತಲೂ ಬರೆದಿದ್ದೀರಿ. ಅಪರೂಪ ಅಂದರೆ ದಿನಕ್ಕೆ ಎಷ್ಟು ಪ್ಯಾಕೆಟ್, ಎಷ್ಟು ವರ್ಷದಿಂದ, ಯಾವ ಕಡೆ ಇಟ್ಟುಕೊಳ್ಳುತ್ತೀರಿ, ಎಲ್ಲಾ ಅವರ ಮುಂದೆ ಹೇಳಿ. ಬಾಯಿ ತೆರೆದಾಗ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಹಿಡಿಯುತ್ತವೆಯೇ ನೋಡಿಕೊಳ್ಳಿ, ಹಿಡಿಯದಿದ್ದರೆ ಅದನ್ನೂ ಹೇಳಿ. ಕಲಬುರಗಿಯಲ್ಲಿ ಡೆಂಟಲ್ ಕಾಲೇಜುಗಳಿವೆ, ಬೆಳಿಗ್ಗೆಯ ಬಸ್ಸು ಹತ್ತಿದರೆ ಸಂಜೆಗೆ ಮನೆ ಸೇರಬಹುದು. ಈ ವಾರವೇ ಹೋಗಿ ಬನ್ನಿ, ಏನಂದರು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.