ಜರ್ಮನಿ ಆಮೇಲೆ, ಮೊದಲು ಸಬ್‌ಸ್ಟೇಷನ್‌ಗೆ ಹೋಗಿ

ಪ್ರಶ್ನೆ: ಬೆಂಗಳೂರಿನ ಹೂಡಿಕೆದಾರರ ಸಮಾವೇಶಕ್ಕೆ ಸರ್ಕಾರ ಕೋಟಿಗಟ್ಟಲೆ ಸುರಿಯುತ್ತದೆ. ನಮ್ಮ ಹಾವೇರಿ ಉದ್ಯಮಿಗಳ ಸಂಘಕ್ಕೆ ಅನುದಾನ ಕೊಟ್ಟರೆ ನಾವೇ ಜರ್ಮನಿಗೆ ಹೋಗಿ ಕಂಪನಿ ಕರೆತರುತ್ತೇವೆ. ಅರ್ಜಿ ಯಾರಿಗೆ ಹಾಕಬೇಕು?

ಉತ್ತರ: ಇದೇ ಪ್ರಶ್ನೆ ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಊರಿನ ಹೆಸರು ಮಾತ್ರ ಬೇರೆ. ನಾನಾದರೆ ಆ ಅರ್ಜಿ ಹಾಕುವುದೇ ಇಲ್ಲ.

2010ರ ಸಮಾವೇಶದಲ್ಲಿ ಬರುತ್ತದೆ ಅಂತ ಹೇಳಿದ ಬಂಡವಾಳ 3.92 ಲಕ್ಷ ಕೋಟಿ. 2025ರಲ್ಲಿ 10.27 ಲಕ್ಷ ಕೋಟಿ. ಅಂಕಿ ಏರಿದೆ, ಅಲ್ವಾ? ಆದರೆ 2010ರಲ್ಲಿ ನಿಮ್ಮ ಪಕ್ಕದ ಗದಗದಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುತ್ತೇನೆ ಅಂತ ಸಹಿ ಹಾಕಿದ ಕೊರಿಯಾದ ಪೋಸ್ಕೋ ಕಥೆ ಏನಾಯಿತು? ಹಳ್ಳಿಗುಡಿಯ ರೈತರು ಭೂಮಿ ಕೊಡಲು ಒಪ್ಪಲಿಲ್ಲ, ಮರುವರ್ಷ ಸರ್ಕಾರವೇ ಕೈಬಿಟ್ಟಿತು. ಬಳ್ಳಾರಿಯ ಕುಡತಿನಿಯಲ್ಲಿ ಭೂಮಿ ಸಿಕ್ಕಿತು, ಆರ್ಸೆಲರ್ ಮಿತ್ತಲ್ ಕಾರ್ಖಾನೆ ಬರಲಿಲ್ಲ, ಕಡೆಗೆ ಭೂಮಿ ಕಳೆದುಕೊಂಡವರು ಧರಣಿ ಕೂತರು. ಎರಡೂ ಕಡೆ ಕೆಲಸ ಕೆಟ್ಟಿದ್ದು ವಿಮಾನದ ಟಿಕೆಟ್‌ಗೆ ದುಡ್ಡಿಲ್ಲದೆ ಅಲ್ಲ.

ಒಮ್ಮೆ ಒಬ್ಬ ಜಪಾನಿ ಎಂಜಿನಿಯರ್ ಜೊತೆ ಒಂದು ಕೈಗಾರಿಕಾ ಪ್ರದೇಶಕ್ಕೆ ಹೋಗಿದ್ದೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ನಲವತ್ತು ನಿಮಿಷ ಭಾಷಣ. ಆತ ಪೇಟ ತೆಗೆದು ತೊಡೆ ಮೇಲಿಟ್ಟುಕೊಂಡು ಒಂದೇ ಮಾತು ಕೇಳಿದ: ಹೋದ ವರ್ಷ ಈ ಫೀಡರ್‌ನಲ್ಲಿ (ಇಲ್ಲಿಗೆ ಕರೆಂಟ್ ತರುವ ಲೈನ್) ಕರೆಂಟ್ ಎಷ್ಟು ಸಲ, ಎಷ್ಟೆಷ್ಟು ನಿಮಿಷ ಹೋಗಿದೆ? ಎಲ್ಲರೂ ಮುಖ ಮುಖ ನೋಡಿಕೊಂಡರು. ಲಾಗ್‌ಬುಕ್ ಎರಡು ಕಿಲೋಮೀಟರ್ ದೂರದ ಸಬ್‌ಸ್ಟೇಷನ್‌ನಲ್ಲೇ ಇತ್ತು. ಯಾರೂ ಹೋಗಿ ತರಲಿಲ್ಲ. ಆತ ಊಟ ಮಾಡಿ ಹೊರಟ, ಮತ್ತೆ ಬರಲಿಲ್ಲ.

ಆದ್ದರಿಂದ ದುಡ್ಡು ಎಲ್ಲಿಂದಲೇ ಬರಲಿ, ಸಂಘದ ಚಂದಾ ಹಣವೇ ಇರಲಿ, ಒಬ್ಬ ಚುರುಕಾದ ಹುಡುಗನಿಗೋ ಹುಡುಗಿಗೋ ಒಂದು ವರ್ಷ ಸಂಬಳ ಕೊಡಿ. ಖಾಲಿ ಬಿದ್ದ ಕೆಐಎಡಿಬಿ (ಕೈಗಾರಿಕೆಗೆ ಭೂಮಿ ಕೊಡುವ ಸರ್ಕಾರಿ ಮಂಡಳಿ) ಪ್ಲಾಟುಗಳು, ಸರ್ವೆ ನಂಬರ್ ಪ್ರಕಾರ ಪಹಣಿ, ಯಾವುದಕ್ಕೆ ಕೋರ್ಟ್ ಕೇಸಿದೆ, ವಿದ್ಯುತ್ ಕಂಪನಿ ಹೆಸ್ಕಾಂನ ಫೀಡರ್ ಲೆಕ್ಕ, ನೀರು ಎಲ್ಲಿಂದ, ಐಟಿಐಗಳಲ್ಲಿ ಫಿಟ್ಟರ್, ವೆಲ್ಡರ್ ಎಷ್ಟು ಜನ ಪಾಸಾಗುತ್ತಾರೆ, ಇಷ್ಟನ್ನು ಒಂದು ಫೈಲ್ ಮಾಡಿ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ ಹೂಡಿಕೆದಾರರಿಗೆ ನೆರವಾಗುವ ಸರ್ಕಾರಿ ಸಂಸ್ಥೆ ಕರ್ನಾಟಕ ಉದ್ಯೋಗ ಮಿತ್ರಕ್ಕೂ ಕೊಡಿ. ಆಮೇಲೂ ತಿರುಗಾಡಲೇಬೇಕು ಅನ್ನಿಸಿದರೆ ಧಾರವಾಡಕ್ಕೆ ಹೋಗಿ. ಅಲ್ಲಿ ಮಣ್ಣು ಅಗೆಯುವ ಯಂತ್ರ ಮಾಡುವ ಟಾಟಾ ಹಿಟಾಚಿ ಇದೆ. ಯಾವ ಬಿಡಿಭಾಗ ದೂರದಿಂದ ತರಿಸುತ್ತೀರಿ ಅಂತ ಕೇಳಿ. ಬಸ್ ಚಾರ್ಜ್ ಸಾಕು.

ಪ್ರಶ್ನೆ: 50 ಸಾವಿರ ಕೊಟ್ಟರೆ ವಿದೇಶಿ ಕಂಪನಿಯಿಂದ ಆಸಕ್ತಿ ಪತ್ರ ತಂದುಕೊಡುತ್ತೇನೆ ಅಂತ ಒಬ್ಬ ಕನ್ಸಲ್ಟೆಂಟ್ ಹೇಳುತ್ತಿದ್ದಾರೆ.

ಉತ್ತರ: ಲೆಟರ್‌ಹೆಡ್ ಪ್ರಿಂಟ್ ಹಾಕಿಸಲು 50 ರೂಪಾಯಿ ಸಾಕು. ಬಾಗಿಲು ಹಾಕಿಕೊಳ್ಳಿ.

ಪ್ರಶ್ನೆ: ನಮ್ಮೂರ ಹತ್ತಿರ ಫ್ಯಾಕ್ಟರಿಗೆ ಒಡಂಬಡಿಕೆ ಆಗಿದೆಯಂತೆ. ಸಾಲ ಮಾಡಿ ನಾಲ್ಕು ಎಕರೆ ಕೊಂಡಿಡಲೇ?

ಉತ್ತರ: ಸುಮ್ನೆ ಇರಿ. ಆ ಸರ್ವೆ ನಂಬರಿಗೆ ಕೆಐಎಡಿಬಿಯ 28(1) ನೋಟಿಸ್, ಅಂದರೆ ಭೂಮಿ ವಶಕ್ಕೆ ಪಡೆಯುವ ಮೊದಲ ಸೂಚನೆ, ಬಂದಿದ್ದರೆ ನೀವು ಕೊಂಡ ಜಮೀನೇ ಸ್ವಾಧೀನಕ್ಕೆ ಹೋಗಬಹುದು.